ಕಳ್ಳನ ವೇಷ ಹಾಕಿ ರಾಜರಿಗೆ ಮಖಮಲ್ ಹೊಲಿಸಿದ ಮಾಲೀಕ: ಗುಬ್ಬಿ ವೀರಣ್ಣನವರ ಬಟ್ಟೆ ಪೆಟ್ಟಿಗೆಯ ಕಥೆ

ಉಪ್ಪಾರಹಳ್ಳಿ (ತುಮಕೂರು): ಯುಗಾದಿ ಕಳೆದು ಊರಹಬ್ಬಗಳು ಶುರುವಾದರೆ ಸಾಕು, ಉಪ್ಪಾರಹಳ್ಳಿ ಮೇಲ್ಸೇತುವೆಯಿಂದ ಹಿಡಿದು ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿ ಗೇಟುಗಳವರೆಗೆ ಒಂದೇ ಥರದ ಫ್ಲೆಕ್ಸುಗಳು. ಮೇಲೆ ಗ್ರಾಮದೇವತೆ, ಕೆಳಗೆ ‘ಕುರುಕ್ಷೇತ್ರ’ ಅಥವಾ ‘ಶ್ರೀಕೃಷ್ಣ ಸಂಧಾನ’ ಅಂತ ದಪ್ಪಕ್ಷರ, ಅದರ ಸುತ್ತ ಸಾಲಾಗಿ ಕಿರೀಟ ಹಾಕಿಕೊಂಡ ಮುಖಗಳು. ಮೀಸೆ ತಿರುವಿದ ದುರ್ಯೋಧನ ನಿನ್ನೆ ತಾನೇ ಅಂಗಡಿಯಲ್ಲಿ ಅಕ್ಕಿ ತೂಗಿಕೊಟ್ಟವರು. ಗದೆ ಹೊತ್ತ ಭೀಮ ತೆಂಗಿನಕಾಯಿ ವ್ಯಾಪಾರದವರು. ಕೃಷ್ಣನ ಪಾತ್ರಕ್ಕೆ ದುಡ್ಡು ಜಾಸ್ತಿ, ಸೈನಿಕನಿಗೆ ಕಮ್ಮಿ ಅನ್ನೋದು ಎಲ್ಲರಿಗೂ ಗೊತ್ತಿರೋ ಲೆಕ್ಕ.

ಆ ಫ್ಲೆಕ್ಸಿನಲ್ಲಿ ಮುಖಗಳು ವರ್ಷ ವರ್ಷ ಬದಲಾಗುತ್ತವೆ, ಬಟ್ಟೆ ಮಾತ್ರ ಬದಲಾಗಲ್ಲ. ಎದೆ ತುಂಬ ಜರಿ ಕೂರಿಸಿದ ಮಖಮಲ್ ನಿಲುವಂಗಿ, ಹೆಗಲ ಮೇಲೆ ಭುಜಕೀರ್ತಿ, ಸೊಂಟಕ್ಕೆ ಅಗಲವಾದ ಪಟ್ಟಿ, ಬೆನ್ನ ಹಿಂದೆ ಇಳಿಬಿಟ್ಟ ಹೊದಿಕೆ. ದುರ್ಯೋಧನ ಅಂದರೆ ಹೀಗೇ ಇದ್ದ ಅಂತ ನಮ್ಮ ಜಿಲ್ಲೆಯ ಮಕ್ಕಳಿಗೂ ಗೊತ್ತು. ಈ ರೂಪವನ್ನು ಜನರ ಕಣ್ಣಲ್ಲಿ ಕೂರಿಸಿದ್ದು ಮಹಾಭಾರತ ಅಲ್ಲ, ಕಂಪನಿ ನಾಟಕ. ಆ ಕಂಪನಿ ನಾಟಕ ಅಂದಾಗ ಮೊದಲು ಬಾಯಿಗೆ ಬರುವ ಹೆಸರು ಇಲ್ಲಿಂದ ಬಿ.ಎಚ್. ರಸ್ತೆಯಲ್ಲಿ ಇಪ್ಪತ್ತು ಕಿಲೋಮೀಟರ್ ಹೋದರೆ ಸಿಗುವ ಊರಿನದು: ಗುಬ್ಬಿ ವೀರಣ್ಣ.

ವೀರಣ್ಣನವರ ಬಗ್ಗೆ ಬರೆದವರೆಲ್ಲ ಅವರ ಹಾಸ್ಯ, ರಂಗದ ಮೇಲಿನ ಆನೆ ಕುದುರೆ, ಅವರ ಕಂಪನಿಯಿಂದ ಬಂದ ರಾಜ್‌ಕುಮಾರ್ ಬಗ್ಗೆ ಬರೆದಿದ್ದಾರೆ. ಕಂಪನಿ ಊರಿಂದೂರಿಗೆ ಹೊರಟಾಗ ಜೊತೆಗೇ ಹೋಗುತ್ತಿದ್ದ ಬಟ್ಟೆ ಪೆಟ್ಟಿಗೆಗಳ ಕಥೆ ಅಷ್ಟಾಗಿ ಯಾರೂ ಹೇಳಲ್ಲ. ಆದರೆ ನಾಟಕ ಕಂಪನಿಯ ಮಾಲೀಕನಿಗೆ ಅದೇ ಆಸ್ತಿ.

ಮರದ ಕಿರೀಟದಿಂದ ಮಖಮಲ್‌ವರೆಗೆ

ವೀರಣ್ಣನವರು ಹುಟ್ಟಿದ್ದು 1891ರಲ್ಲಿ, ಗುಬ್ಬಿಯಲ್ಲಿ. ಅವರು ಹುಟ್ಟುವುದಕ್ಕೆ ಏಳು ವರ್ಷ ಮುಂಚೆ, 1884ರಲ್ಲೇ ಊರಲ್ಲಿ ನಾಟಕ ಮಂಡಳಿ ಕಟ್ಟಿಯಾಗಿತ್ತು. ಊರ ದೇವರಾದ ಗೋಸಲ ಚನ್ನಬಸವೇಶ್ವರ ಸ್ವಾಮಿಯ ಹೆಸರನ್ನೇ ಇಟ್ಟುಕೊಂಡ ಮಂಡಳಿ ಅದು. ಅದೇ 1880ರ ದಶಕದಲ್ಲಿ ಬೆಂಗಳೂರಿನಿಂದ ತುಮಕೂರು ಮಾರ್ಗವಾಗಿ ಗುಬ್ಬಿ ಕಡೆಗೆ ರೈಲೂ ಬಂತು. ಸೀನು, ಪರದೆ, ಟ್ರಂಕು ಎಲ್ಲ ಹೇರಿಕೊಂಡು ಊರೂರು ತಿರುಗುವ ಕಸುಬಿಗೆ ರೈಲು ಇಲ್ಲದೆ ನಡೆಯೋದು ಕಷ್ಟ. ಎರಡೂ ಹೆಚ್ಚುಕಮ್ಮಿ ಜೊತೆಗೇ ಬಂದದ್ದು ಗುಬ್ಬಿಯ ಅದೃಷ್ಟ ಅನ್ನಬೇಕು.

ಅದಕ್ಕೂ ಮುಂಚೆ ನಮ್ಮ ಕಡೆ ಜನ ನೋಡುತ್ತಿದ್ದುದು ಮೂಡಲಪಾಯ. ತಿಪಟೂರು, ತುರುವೇಕೆರೆ ಸೀಮೆಯಲ್ಲಿ ಅದು ಇವತ್ತೂ ಉಸಿರಾಡುತ್ತಿದೆ. ಮೂಡಲಪಾಯದ ರಾಜನಿಗೆ ಹಗುರ ಮರದ ಕಿರೀಟ, ಮರದ ಭುಜಕೀರ್ತಿ, ಮೇಲೆ ಬಣ್ಣ, ಬೇಗಡೆ, ಕನ್ನಡಿ ಚೂರು. ಬಟ್ಟೆ ಮುಖ್ಯವಾಗಿ ಸುತ್ತೋದು, ಕಟ್ಟೋದು, ನೆರಿಗೆ ಹಿಡಿಯೋದು. ದರ್ಜಿಯ ಕತ್ತರಿಗೆ ಅಲ್ಲಿ ಕೆಲಸ ಕಡಿಮೆ. ಪಂಜಿನ ಬೆಳಕಲ್ಲಿ, ಬಯಲಲ್ಲಿ ಕುಣಿಯುವ ವೇಷ ಅದು. ದೂರದಿಂದ ನೋಡಿದಾಗ ಆಕಾರ ದೊಡ್ಡದಾಗಿ ಕಾಣಬೇಕು, ಅಷ್ಟೇ.

ಮೈಸೂರು ಸೀಮೆಗೆ ಮರಾಠಿ ಮತ್ತು ಪಾರ್ಸಿ ನಾಟಕ ಕಂಪನಿಗಳು ಬಂದು ಆಡತೊಡಗಿದ ಮೇಲೆ ಕಣ್ಣಿನ ರುಚಿಯೇ ಬೇರೆಯಾಯಿತು. ಬಣ್ಣದ ಪರದೆ, ಗ್ಯಾಸ್ ಬೆಳಕು, ಅದರ ಮುಂದೆ ಮಿರಮಿರ ಮಿಂಚುವ ಹೊಲಿದ ಉಡುಪು. ಅದೇ ಕಾಲಕ್ಕೆ ರಾಜಾ ರವಿವರ್ಮನ ಚಿತ್ರಗಳು ಅಚ್ಚಾಗಿ ಮನೆಮನೆ ಗೋಡೆಗೆ ಬಂದವು. ದಮಯಂತಿ ಹೀಗೇ ಸೀರೆ ಉಡುತ್ತಿದ್ದಳು, ಕೃಷ್ಣ ಹೀಗೇ ಪೀತಾಂಬರ ಉಡುತ್ತಿದ್ದ ಅಂತ ಜನ ನಂಬಿಯೂಬಿಟ್ಟರು. ಇನ್ನೊಂದು ಕಡೆ ಮೈಸೂರು ಅರಮನೆಯ ದರ್ಬಾರು. ಜರಿಪೇಟ, ಉದ್ದ ಕೋಟು, ಸೊಂಟದ ಪಟ್ಟಿ ಅಂದರೆ ಜನರ ಪಾಲಿಗೆ ಕಣ್ಣೆದುರಿನ ರಾಜಠೀವಿ. ಈ ಮೂರನ್ನೂ ಒಟ್ಟಿಗೆ ಹೊಲಿದರೆ ಕಂಪನಿ ನಾಟಕದ ರಾಜ ಸಿದ್ಧ.

ಈ ಬದಲಾವಣೆಯ ನಡುವೆಯೇ ವೀರಣ್ಣ ಬೆಳೆದರು. ಆರು ವರ್ಷದ ಹುಡುಗನಾಗಿದ್ದಾಗಲೇ ಕಂಪನಿ ಸೇರಿದವರು ಅವರು. ಶಾಲೆಗಿಂತ ಹೆಚ್ಚಾಗಿ ರಂಗದ ಹಿಂಬದಿಯಲ್ಲೇ ಪಾಠ. ಬಾಲಪಾತ್ರ, ಸಣ್ಣಪುಟ್ಟ ಪಾತ್ರ, ಆಮೇಲೆ ಹಾಸ್ಯ. 1917ರಲ್ಲಿ ಕಂಪನಿಯ ಒಡೆತನ ಅವರ ಕೈಗೆ ಬಂತು. ಆಗ ವಯಸ್ಸು ಇಪ್ಪತ್ತಾರು. ಇವತ್ತಿನ ಹುಡುಗರು ಕೆಲಸ ಹುಡುಕಿಕೊಂಡು ಬೆಂಗಳೂರಿನ ಪ್ಯಾಸೆಂಜರ್ ಹತ್ತುವ ವಯಸ್ಸು.

ಕಳ್ಳನಿಗೆ ಕಿರೀಟ ಬೇಡ

ಒಂದು ತಮಾಷೆ ಇದೆ. ವೀರಣ್ಣನವರಿಗೆ ಊರೂರಲ್ಲಿ ಹೆಸರು ತಂದ ಪಾತ್ರಕ್ಕೆ ಕಿರೀಟವೂ ಬೇಡ, ಭುಜಕೀರ್ತಿಯೂ ಬೇಡ. ‘ಸದಾರಮೆ’ ನಾಟಕದ ಕಳ್ಳನ ಪಾತ್ರ ಅದು. ನಾಟಕ ಬರೆದವರು ನಮ್ಮ ತಾಲ್ಲೂಕಿನ ಬೆಳ್ಳಾವಿಯ ಹೆಸರು ಹೊತ್ತ ಬೆಳ್ಳಾವೆ ನರಹರಿ ಶಾಸ್ತ್ರಿಗಳು. ಮುಂದೆ 1934ರಲ್ಲಿ ಬಂದ ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನ’ಕ್ಕೂ ಮಾತು ಬರೆದವರು ಅವರೇ. ಕಳ್ಳನ ಪಾತ್ರಕ್ಕೆ ಬೇಕಾದದ್ದು ಮೈ ಬಾಗುವ, ಓಡಾಡುವಾಗ ಅಡ್ಡ ಬರದ ಬಟ್ಟೆ. ಹಾಸ್ಯಗಾರನಿಗೆ ಮೈಯೇ ಬಂಡವಾಳ. ಮಾಲೀಕ ತನ್ನ ಪಾತ್ರಕ್ಕೆ ಅಗ್ಗದ ಬಟ್ಟೆ ಹಾಕಿಕೊಂಡು, ಪಕ್ಕದ ರಾಜನ ಮೈಮೇಲೆ ದುಡ್ಡು ಸುರಿಯುತ್ತಿದ್ದ. ಅದು ಔದಾರ್ಯವೂ ಹೌದು, ವ್ಯಾಪಾರವೂ ಹೌದು. ನಾಲ್ಕಾಣೆ ಕೊಟ್ಟು ಬಂದವನು ತನ್ನ ಮನೆಯಲ್ಲಿ ಇಲ್ಲದ್ದನ್ನು ನೋಡೋಕೆ ಬರ್ತಾನೆ. ಅಂಗಡಿ ಇಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮೈಸೂರು ಮಹಾರಾಜರಿಂದ ‘ನಾಟಕ ರತ್ನ’ ಬಿರುದು ಬಂತು. ಕಂಪನಿ ಒಂದು ಸಾಲದೆ ಶಾಖೆಗಳಾದವು, ಮಕ್ಕಳದ್ದೇ ಒಂದು ಬೇರೆ ತಂಡ ಆಯಿತು. ತಮಿಳು, ತೆಲುಗು ಸೀಮೆಗೂ ಹೋಗಿ ಅವರವರ ಭಾಷೆಯಲ್ಲೇ ಆಡಿದರು. ಇಷ್ಟೆಲ್ಲ ಆದಾಗ ಬಟ್ಟೆಯ ಲೆಕ್ಕವೂ ಬೆಳೆಯುತ್ತೆ. ಮಕ್ಕಳ ತಂಡ ಅಂದರೆ ಸಣ್ಣ ಅಳತೆಯ ರಾಜ, ಸಣ್ಣ ಅಳತೆಯ ಮಂತ್ರಿ. ಅಷ್ಟು ಸಾಲದು ಅಂತ, ಮಕ್ಕಳು ಆರು ತಿಂಗಳಿಗೆ ಒಂದಂಗುಲ ಬೆಳೆದುಬಿಡುತ್ತಾರೆ.

ಪರದೆಯ ಹಿಂದಿನ ಕತ್ತರಿ

ಕಂಪನಿ ನಾಟಕದ ನಿಲುವಂಗಿ ನೋಡೋಕೆ ಒಂದು, ಹೊಲಿಯೋಕೆ ಇನ್ನೊಂದು. ಮದುವೆಗೆ ಹೊಲಿಸುವ ಶೇರ್ವಾನಿ ಒಬ್ಬನ ಮೈಗೆ ಸರಿಹೋದರೆ ಮುಗಿಯಿತು. ನಾಟಕದ ಅಂಗಿ ಹಾಗಲ್ಲ. ಇವತ್ತು ದಪ್ಪನೆಯ ನಟ ಹಾಕಿಕೊಂಡದ್ದನ್ನು ನಾಳೆ ಅವನು ಜ್ವರ ಬಂದು ಮಲಗಿದರೆ ಸಣಕಲ ಹಾಕಿಕೊಳ್ಳಬೇಕು. ಅದಕ್ಕೇ ಪಕ್ಕದ ಹೊಲಿಗೆಯೊಳಗೆ ಎರಡು ಬೆರಳಿಗೂ ಹೆಚ್ಚು ಬಟ್ಟೆ ಮಡಿಚಿ ಬಿಡೋದು. ಬೇಕಾದಾಗ ಹೊಲಿಗೆ ಬಿಚ್ಚಿ ಸಡಿಲ ಮಾಡಬಹುದು, ಬೇಡವಾದಾಗ ಒಳಕ್ಕೆ ಹಿಡಿಯಬಹುದು. ಬೆನ್ನ ಕಡೆ ಗುಂಡಿಯ ಬದಲು ಲಾಡಿ ಅಥವಾ ಹುಕ್ಕು ಕೊಟ್ಟರೆ ಬಿಗಿ ಮಾಡಿಕೊಳ್ಳೋದೂ ಸಲೀಸು, ಎರಡು ದೃಶ್ಯದ ನಡುವೆ ಬೇಗ ಬದಲಾಯಿಸೋದೂ ಸಲೀಸು. ಒಳಗೆ ಕಾಲು ಗಂಟೆ ಬಟ್ಟೆ ಬದಲಾಯಿಸುತ್ತಾ ಕೂತರೆ ಹೊರಗೆ ಜನ ಸಿಳ್ಳೆ ಹೊಡೀತಾರೆ.

ಮಖಮಲ್ ಕತ್ತರಿಸೋದು ತಾಳ್ಮೆಯ ಕೆಲಸ. ಅದರ ಮೇಲೆ ಸಣ್ಣ ಕೂದಲಿನಂಥ ಎಳೆಗಳಿರುತ್ತವೆ, ಅವು ಒಂದೇ ಕಡೆ ಬಾಗಿರುತ್ತವೆ. ಎದೆಯ ತುಂಡನ್ನು ಮೇಲ್ಮುಖವಾಗಿ, ತೋಳಿನ ತುಂಡನ್ನು ಕೆಳಮುಖವಾಗಿ ಕತ್ತರಿಸಿದರೆ ದೀಪದ ಬೆಳಕಿಗೆ ಒಂದೇ ಅಂಗಿ ಎರಡು ಬಣ್ಣವಾಗಿ ಕಾಣುತ್ತೆ. ಬಟ್ಟೆ ಉಳಿಸೋಕೆ ಹೋಗಿ ತುಂಡುಗಳನ್ನು ತಲೆಕೆಳಗು ಜೋಡಿಸಿದ ದರ್ಜಿಗೆ ಮಾಲೀಕನ ಬೈಗುಳ ಗ್ಯಾರಂಟಿ. ಇನ್ನು ಮಿಷನ್ ಕೆಳಗೆ ಹಾಕಿದರೆ ಮಖಮಲ್ ಜಾರುತ್ತೆ. ಮೊದಲು ಕೈಯಲ್ಲಿ ಕಚ್ಚಾ ಹೊಲಿಗೆ, ಆಮೇಲೆ ಮಿಷನ್ ಹೊಲಿಗೆ. ಇಸ್ತ್ರಿ ಪೆಟ್ಟಿಗೆ ಒತ್ತಿದರೆ ಎಳೆ ಮಲಗಿ ಕಲೆ ಬಿದ್ದ ಹಾಗಾಗುತ್ತೆ. ಹಬೆಯಲ್ಲಿ ಹಿಡಿದು ಬಿಡಬೇಕು, ಅಷ್ಟೇ.

ತೋಳು ಸೇರುವ ಜಾಗದಲ್ಲಿ, ಕಂಕುಳಿಗೆ ಒಂದು ಚೌಕದ ತುಂಡು. ಹಳೇ ಕಾಲದ ಅಂಗರಖಾ, ನಮ್ಮ ಅಜ್ಜಂದಿರ ಜುಬ್ಬ, ಎಲ್ಲದರಲ್ಲೂ ಇದ್ದ ಉಪಾಯ ಅದು. ಅರ್ಜುನ ಬಿಲ್ಲೆತ್ತಬೇಕು, ಭೀಮ ಗದೆ ಬೀಸಬೇಕು, ದುರ್ಯೋಧನ ಎರಡೂ ಕೈ ಮೇಲೆತ್ತಿ ಕಂದ ಹೇಳಬೇಕು. ಆ ತುಂಡಿಲ್ಲದ ಅಂಗಿ ಮೊದಲನೇ ಅಂಕದಲ್ಲೇ ಪರ್ರಂತ ಹರಿಯುತ್ತೆ. ಸೊಂಟದಿಂದ ಕೆಳಗೆ ಮೇಲ್ಗಡೆ ಕಿರಿದು, ಕೆಳಗಡೆ ಅಗಲವಾದ ಪಟ್ಟಿಗಳನ್ನು ಒಂದಕ್ಕೊಂದು ಸೇರಿಸಿದರೆ ತಿರುಗಿದಾಗ ಘೇರು ಅರಳುತ್ತೆ. ‘ಗುಲೇಬಕಾವಲಿ’ಯಂಥ ಕಥೆಗೆ, ಮೊಗಲರ ಕಥೆಗೆ ಇಂಥ ಅಂಗಿಯೇ ಬೇಕು. ಮೊಗಲರ ಜಾಮಾ ನಿಜಕ್ಕೂ ಹಾಗೇ ಇತ್ತು: ಎದೆಗೆ ಬಿಗಿ, ಪಕ್ಕದಲ್ಲಿ ಕಂಕುಳ ಕೆಳಗೆ ಲಾಡಿ, ಕೆಳಗೆ ಅಗಲ ನೆರಿಗೆ. ಹಿಂದೂಗಳ ಜಾಮಾದ ಲಾಡಿ ಎಡಕ್ಕೆ, ಮುಸ್ಲಿಮರದ್ದು ಬಲಕ್ಕೆ ಅನ್ನೋದು ಆ ಕಾಲದ ರೂಢಿ. ಮೊಗಲರ ಚಿತ್ರಗಳಲ್ಲಿ ಯಾರು ಯಾರು ಅಂತ ಗುರುತಿಸೋಕೆ ಇದೇ ಕುರುಹು. ರಂಗದ ಮೇಲೆ ಅಷ್ಟು ಸೂಕ್ಷ್ಮ ನಡೆಯಲ್ಲ, ಹಿಂದಿನ ಸಾಲಿನವನಿಗೆ ಲಾಡಿ ಕಾಣಲ್ಲ.

ಹಿಂದಿನ ಸಾಲಿನವನು ಅನ್ನೋದೇ ಈ ಕಸುಬಿನ ಮೂಲ ಸೂತ್ರ. ಸಣ್ಣ ಹೂವಿನ ಕಸೂತಿ ಎಷ್ಟು ಚೆಂದ ಇದ್ದರೂ ಅವನಿಗೆ ಅದು ಬರೀ ಮಸುಕು. ಅದಕ್ಕೆ ಬಳ್ಳಿ ದಪ್ಪ, ಹೂವು ದಪ್ಪ, ನಡುವೆ ಖಾಲಿ ಜಾಗ. ಜರಿ ಕೆಲಸ ಎದೆಗೆ, ಮುಂಗೈಗೆ, ಅಂಚಿಗೆ ಮಾತ್ರ. ನಟ ಜನರ ಕಡೆಗೇ ಮುಖ ಮಾಡಿ ನಿಲ್ಲೋದರಿಂದ ಬೆನ್ನಿಗೆ ದುಡ್ಡು ಹಾಕೋದು ದಂಡ. ಹಳೇ ರೇಷ್ಮೆ ಸೀರೆಯ ಸರಿಗೆ ಅಂಚನ್ನು ಬಿಡಿಸಿ ತಂದು ಇದಕ್ಕೆ ಕೂರಿಸಿದರೆ ಅರ್ಧ ಖರ್ಚು ಉಳೀತು. ಕಿರೀಟಕ್ಕೆ ಮರದ ಬದಲು ರಟ್ಟು, ಅದರ ಮೇಲೆ ಅಂಟು ಹಾಕಿ ಬಟ್ಟೆ, ಬಟ್ಟೆಯ ಮೇಲೆ ಚಿನ್ನದ ಬಣ್ಣದ ಬೇಗಡೆ, ಗಾಜಿನ ಹರಳು, ಕನ್ನಡಿ. ಹಗುರವಾಗಿರಬೇಕು, ಇಲ್ಲದಿದ್ದರೆ ಬೆಳಗಿನ ಜಾವದ ಹೊತ್ತಿಗೆ ರಾಜನ ಕುತ್ತಿಗೆ ಹೋಗಿರುತ್ತೆ.

ಬಣ್ಣವೂ ಬೆಳಕಿನ ಮೇಲೆ ಹೋಗುತ್ತೆ. ಹಳದಿ ಬೆಳಕಲ್ಲಿ ತೆಳು ಹಳದಿ ಬಟ್ಟೆ ಬಿಳಿಯ ಹಾಗೆ ಕಾಣುತ್ತೆ, ನೀಲಿ ಕಪ್ಪಾಗುತ್ತೆ, ಕೆಂಪು ಮಾತ್ರ ಎದ್ದು ಕಾಣುತ್ತೆ. ಖಳನಿಗೂ ಚಕ್ರವರ್ತಿಗೂ ಕೆಂಪು ಮಖಮಲ್ ಯಾಕೆ ಅಷ್ಟು ಹೊಂದಿತು ಅನ್ನೋದಕ್ಕೆ ಇದೂ ಒಂದು ಕಾರಣ. ವಿದ್ಯುತ್ ದೀಪ ಬಂದಾಗ ಇನ್ನೊಂದು ಪೇಚಾಟ. ಗ್ಯಾಸ್ ಬೆಳಕಲ್ಲಿ ಚಿನ್ನವಾಗಿದ್ದ ಬೇಗಡೆ ಹೊಸ ಬೆಳಕಿಗೆ ಬೇಗಡೆಯಾಗಿಯೇ ಕಂಡುಬಿಟ್ಟಿತು.

ಮಖಮಲನ್ನು ಒಗೆಯೋಕೆ ಆಗಲ್ಲ. ಒಳಗೆ ಒರಟು ಹತ್ತಿ ಬಟ್ಟೆಯ ಅಸ್ತರ ಹಾಕೋದು ಬೆವರು ಹೀರೋಕೆ. ಅಸ್ತರ ಬಿಚ್ಚಿ ಒಗೆದು ಮತ್ತೆ ಹೊಲಿಯೋದು, ಮೇಲಿನ ಬಟ್ಟೆಯನ್ನು ನೆರಳಲ್ಲಿ ಗಾಳಿಗೆ ಹಾಕಿ ಸಾಂಬ್ರಾಣಿ ಹೊಗೆ ಕೊಡೋದು. ಮಳೆಗಾಲದಲ್ಲಿ ಟ್ರಂಕಿನ ಒಳಗೆ ಬೂಷ್ಟು, ಬೇಸಿಗೆಯಲ್ಲಿ ನುಸಿ, ವರ್ಷಪೂರ್ತಿ ಇಲಿ. ಕಂಪನಿ ನಷ್ಟಕ್ಕೆ ಬಿದ್ದರೆ ಸಾಲ ಕೊಟ್ಟವರ ಕಣ್ಣು ಬೀಳ್ತಿದ್ದುದು ಸೀನು ಮತ್ತು ಡ್ರೆಸ್ಸಿನ ಮೇಲೆ. ಬೇರೆ ಏನಿರುತ್ತೆ ಹೇಳಿ, ನಟರನ್ನು ಜಪ್ತಿ ಮಾಡೋಕಾಗುತ್ತಾ?

ಸೀರೆ ಉಟ್ಟವಳೇ ಹೆಂಗಸಾದಾಗ

ಮುಂಚೆ ಹೆಣ್ಣಿನ ಪಾತ್ರಕ್ಕೆ ಗಂಡಸರೇ. ಹತ್ತಿ ತುಂಬಿದ ರವಿಕೆ, ಚೌರಿ, ಸೊಂಟಕ್ಕೆ ದಪ್ಪ ಬರೋ ಹಾಗೆ ಒಳಸುತ್ತು, ಅದರ ಮೇಲೆ ಸೀರೆ. ದರ್ಜಿ ಅಲ್ಲಿ ಬಟ್ಟೆಯಷ್ಟೇ ಅಲ್ಲ, ಮೈಯನ್ನೂ ಹೊಲಿಯಬೇಕಿತ್ತು. ವೀರಣ್ಣನವರು ತಮ್ಮ ಕಂಪನಿಯಲ್ಲಿ ಹೆಣ್ಣಿನ ಪಾತ್ರ ಹೆಣ್ಣುಮಕ್ಕಳಿಗೇ ಕೊಟ್ಟರು. ಮರ್ಯಾದಸ್ಥ ಮನೆಯವರು ನಾಟಕದ ಹೆಸರೆತ್ತಿದರೆ ಮೂಗು ಮುರಿಯುತ್ತಿದ್ದ ಕಾಲ ಅದು. ಅವರ ಪತ್ನಿ ಬಿ. ಜಯಮ್ಮನವರು ಕಂಪನಿಯ ನಾಯಕಿಯಾಗಿ, ಆಮೇಲೆ ಸಿನಿಮಾದಲ್ಲೂ ದೊಡ್ಡ ಹೆಸರು ಮಾಡಿದರು.

ಇದರಿಂದ ಬಟ್ಟೆ ಪೆಟ್ಟಿಗೆಯೊಳಗೆ ಆದ ಬದಲಾವಣೆಯನ್ನು ಸಣ್ಣದು ಅನ್ನೋಕಾಗಲ್ಲ. ರವಿಕೆಯ ಅಳತೆ ಬದಲಾಯಿತು, ಒಳಗಿನ ತುಂಬುವಿಕೆ ಹೋಯಿತು. ಸೀರೆ ಉಡಿಸೋಕೆ ಇನ್ನೊಬ್ಬರು ಬೇಕಾಗಲಿಲ್ಲ. ಕುಣಿದರೂ ಕೂತರೂ ಜಾರದ ಹಾಗೆ ಉಡೋದು ಹೆಣ್ಣುಮಕ್ಕಳಿಗೆ ಮನೆಯಿಂದಲೇ ಬಂದ ವಿದ್ಯೆ. ರಂಗದ ಹಿಂದೆ ಬಟ್ಟೆ ಬದಲಾಯಿಸೋಕೆ ಬೇರೆ ಕೋಣೆ, ಬೇರೆ ಪೆಟ್ಟಿಗೆ ಬೇಕಾಯಿತು. ಬಯಲಲ್ಲಿ ತಗಡಿನ ಥಿಯೇಟರ್ ಕಟ್ಟುವ ಕಂಪನಿಗೆ ಒಂದು ಕೋಣೆ ಹೆಚ್ಚಾದರೂ ಖರ್ಚೇ.

1934ರ ಕುರುಕ್ಷೇತ್ರ

ವೀರಣ್ಣನವರ ಹೆಸರು ಹೇಳಿದರೆ ಹಳಬರು ಮೊದಲು ನೆನೆಯೋದು 1934ರ ‘ಕುರುಕ್ಷೇತ್ರ’ವನ್ನು. ನಾಟಕ ಬಿ. ಪುಟ್ಟಸ್ವಾಮಯ್ಯನವರದು. ರಂಗದ ಮೇಲೆ ನಿಜವಾದ ಆನೆ, ನಿಜವಾದ ಕುದುರೆ, ರಥ. ಕನ್ನಡ ಜನ ಅಂಥದ್ದನ್ನು ಅದಕ್ಕೂ ಮುಂಚೆ ಕಂಡಿರಲಿಲ್ಲ. ಆನೆಯ ಕಥೆ ಎಲ್ಲರೂ ಹೇಳ್ತಾರೆ. ಆದರೆ ನಿಜವಾದ ಆನೆ ಬಂದು ನಿಂತ ಮೇಲೆ ಅದರ ಪಕ್ಕದ ಮನುಷ್ಯ ಇಲಿಮರಿ ಹಾಗೆ ಕಾಣಬಾರದಲ್ವಾ? ಅಲ್ಲಿ ಬೇಕಾಗುವುದು ಬಟ್ಟೆ. ಎತ್ತರದ ಕಿರೀಟ, ಅಗಲದ ಭುಜಕೀರ್ತಿ, ಹಿಂದೆ ಇಳಿಯುವ ಹೊದಿಕೆ, ಇವೆಲ್ಲ ನಟನ ಮೈಗೆ ಅರ್ಧ ಮೊಳ ಸೇರಿಸುತ್ತವೆ.

ಕುದುರೆ ಏರುವವನ ಅಂಗಿ ನಡೆಯುವವನ ಅಂಗಿಯ ಹಾಗಿರೋಕಾಗಲ್ಲ. ಪಕ್ಕದಲ್ಲೋ ಹಿಂದೆಯೋ ಸೀಳು ಬಿಡಬೇಕು, ಇಲ್ಲದಿದ್ದರೆ ಕಾಲು ಅಗಲಿಸಿದಾಗ ಹೊಲಿಗೆ ಬಿಟ್ಟುಕೊಳ್ಳುತ್ತೆ. ಗಾಳಿಗೆ ಪಟಪಟ ಅನ್ನುವ ಹೊದಿಕೆಗೆ ಕುದುರೆ ಬೆದರುತ್ತೆ ಅನ್ನೋದು ಕುದುರೆ ಸಾಕಿದವರಿಗೆಲ್ಲ ಗೊತ್ತು. ಇನ್ನು ಸೈನ್ಯ. ನಾಯಕನಿಗೆ ಒಂದು ಮಖಮಲ್ ಅಂಗಿ ಹೊಲಿಸೋದಕ್ಕಿಂತ ಸೈನ್ಯಕ್ಕೆ ಒಂದೇ ಥರದ ಬಟ್ಟೆ ಹೊಲಿಸೋದೇ ದೊಡ್ಡ ತಲೆನೋವು. ಅಲ್ಲಿ ಅಗ್ಗದ ಸ್ಯಾಟಿನ್, ಸೊಂಟಕ್ಕೆ ಲಾಡಿ, ಯಾರ ಮೈಗಾದರೂ ಆಗುವ ಸಡಿಲ ಅಳತೆ. ಕೌರವರ ಕಡೆಯವನು ಮುಂದಿನ ದೃಶ್ಯಕ್ಕೆ ಪಾಂಡವರ ಕಡೆ ಹೋಗಬೇಕಾದರೆ ಮೇಲಿನ ಒಂದು ಪಟ್ಟಿ ಬದಲಾಯಿಸಿದರೆ ಸಾಕು. ಯಾವ ಕಡೆ ಯಾರು ಅಂತ ಜನ ತಿಳಿಯೋದು ಮಾತಿಗಿಂತ ಮುಂಚೆ ಬಣ್ಣದಿಂದ.

ಕಂಪನಿಯಲ್ಲಿ ಆಗ ನಟರು, ಹಾರ್ಮೋನಿಯಂನವರು, ಪರದೆ ಬರೆಯುವವರು, ಬಡಗಿಗಳು, ಅಡುಗೆಯವರು, ದರ್ಜಿಗಳು ಎಲ್ಲ ಸೇರಿ ಒಂದು ಸಣ್ಣ ಊರೇ. ಮಾಲೀಕನ ಸಂಬಳದ ಪುಸ್ತಕದಲ್ಲಿ ಇವರೆಲ್ಲರಿಗೂ ಜಾಗ ಇರಲೇಬೇಕು. ಹ್ಯಾಂಡ್‌ಬಿಲ್ಲಿನಲ್ಲಿ ಮಾತ್ರ ನಟರಿಗೆ, ಕವಿಗಳಿಗೆ ದಪ್ಪಕ್ಷರ. ಕತ್ತರಿ ಹಿಡಿದವರಿಗೆ ಅಲ್ಲಿ ಸಾಲು ಇರುತ್ತಿರಲಿಲ್ಲ. ಇವತ್ತಿನ ಫ್ಲೆಕ್ಸಿನಲ್ಲೂ ಡ್ರಾಮಾ ಸೀನರಿಯವರ ಹೆಸರಿರುತ್ತೆ, ಹಾರ್ಮೋನಿಯಂ ಮೇಷ್ಟ್ರ ಫೋಟೋ ಇರುತ್ತೆ. ಅಂಗಿ ಹೊಲಿದವರದ್ದು ಇವತ್ತಿಗೂ ಇಲ್ಲ.

ಇದು ಚರಿತ್ರೆಯಾ?

ಓದಿದವರು ಕಂಪನಿ ನಾಟಕದ ಬಟ್ಟೆ ನೋಡಿ ನಗೋದುಂಟು. ದ್ವಾಪರಯುಗದಲ್ಲಿ ಮಖಮಲ್ ಎಲ್ಲಿತ್ತು, ದುರ್ಯೋಧನನಿಗೆ ಚೂಡಿದಾರ್ ಯಾರು ಹೊಲಿದರು ಅಂತ. ಕೇಳೋದು ತಪ್ಪಲ್ಲ. ತುಮಕೂರಿನಿಂದ ಕುಣಿಗಲ್ ರಸ್ತೆಯಲ್ಲಿ ಗೂಳೂರು ದಾಟಿ ಕೈದಾಳಕ್ಕೆ ಹೋಗಿ ನೋಡಿ. 12ನೇ ಶತಮಾನದ ಹೊಯ್ಸಳರ ಕಾಲದ ಚನ್ನಕೇಶವ ಅಲ್ಲಿ ನಿಂತಿದ್ದಾನೆ. ಮೈಮೇಲೆ ಒಡವೆ ಉಂಟು, ಸೊಂಟಕ್ಕೆ ಸುತ್ತಿದ ವಸ್ತ್ರ ಉಂಟು. ಹೊಲಿದ ಅಂಗಿ ಇಲ್ಲ. ಮಹಾಭಾರತದ ರಾಜರನ್ನು ಹಳೇ ಶಿಲ್ಪಿಗಳು ಕಲ್ಪಿಸಿಕೊಂಡದ್ದು ಹೀಗೆ. ಆ ಲೆಕ್ಕದಲ್ಲಿ ಮೂಡಲಪಾಯದ ಸುತ್ತಿ ಕಟ್ಟುವ ವೇಷವೇ ಕಂಪನಿ ನಾಟಕಕ್ಕಿಂತ ಹಳೆಯ ಚರಿತ್ರೆಗೆ ಹತ್ತಿರ.

ಹಾಗಂತ ವೀರಣ್ಣನವರ ಕಾಲದ ದರ್ಜಿಗಳಿಗೆ ಗೊತ್ತಿರಲಿಲ್ಲ ಅನ್ನೋದು ಸರಿಯಲ್ಲ. ಅವರು ಶಾಸನ ಓದಿ ಹೊಲಿಯುತ್ತಿರಲಿಲ್ಲ, ಜನರ ಕಣ್ಣು ಓದಿ ಹೊಲಿಯುತ್ತಿದ್ದರು. 1930ರ ಸುಮಾರಿನ ಗುಬ್ಬಿಯ ರೈತನಿಗೆ ರಾಜ ಅಂದರೆ ದಸರಾದಲ್ಲಿ ಅಂಬಾರಿ ಮೇಲೆ ಬರುವ ಮಹಾರಾಜರು. ಬರೀ ಮೈಯಲ್ಲಿ ಒಡವೆ ಹಾಕಿಕೊಂಡು ಬಂದ ದುರ್ಯೋಧನನನ್ನು ಅವನು ಒಪ್ಪುತ್ತಿರಲಿಲ್ಲ. ಮರಾಠಿ ರಂಗಭೂಮಿಯಲ್ಲೂ, ಆಂಧ್ರದ ಪದ್ಯನಾಟಕಗಳಲ್ಲೂ ಆದದ್ದು ಇದೇ. ಇಂಗ್ಲೆಂಡಿನಲ್ಲಿ ಷೇಕ್ಸ್‌ಪಿಯರನ ನಟರು ರೋಮಿನ ಸೀಸರನ ನಾಟಕವನ್ನೂ ತಮ್ಮ ಕಾಲದ ಶ್ರೀಮಂತರ ಬಟ್ಟೆಯಲ್ಲೇ ಹೆಚ್ಚಾಗಿ ಆಡಿದವರು. ಯಾರೂ ಅವರನ್ನು ದಡ್ಡರು ಅನ್ನಲ್ಲ.

ಕ್ಯಾಮೆರಾ ಮುಂದೆ

ಸಿನಿಮಾದ ಹುಚ್ಚು ವೀರಣ್ಣನವರಿಗೆ ಬೇಗ ಹತ್ತಿತು. ಮೂಕಿ ಕಾಲದಲ್ಲೇ ಬೆಂಗಳೂರಿನಲ್ಲಿ ಚಿತ್ರ ತಯಾರಿಗೆ ಕೈಹಾಕಿ ಕೈಸುಟ್ಟುಕೊಂಡರು. 1932ರ ‘ಹರಿಮಾಯಾ’ ಆ ಕಾಲದ್ದು. ಅಷ್ಟಕ್ಕೇ ಬಿಡಲಿಲ್ಲ. 1935ರಲ್ಲಿ ‘ಸದಾರಮೆ’, 1941ರಲ್ಲಿ ‘ಸುಭದ್ರಾ’, 1942ರಲ್ಲಿ ‘ಜೀವನ ನಾಟಕ’, 1945ರಲ್ಲಿ ‘ಹೇಮರೆಡ್ಡಿ ಮಲ್ಲಮ್ಮ’ ಹೀಗೆ ಒಂದಾದ ಮೇಲೊಂದು.

ರಂಗದ ಬಟ್ಟೆಗೆ ಕ್ಯಾಮೆರಾ ದೊಡ್ಡ ಶತ್ರು. ಹಳೇ ಕಪ್ಪುಬಿಳುಪು ಫಿಲ್ಮಿನಲ್ಲಿ ಕೆಂಪು ಮಖಮಲ್ ಕಪ್ಪಾಗಿ ಬೀಳುತ್ತೆ. ಚಿನ್ನದ ಜರಿ ಬೂದಿ. ಹಿಂದಿನ ಸಾಲಿನವನಿಗೆ ಅಂತ ಹೊಲಿದ ದಪ್ಪ ಬಳ್ಳಿ ಹತ್ತಿರದಿಂದ ನೋಡಿದರೆ ಹಾಸಿಗೆ ಹೊದಿಕೆಯ ಹಾಗೆ. ಕಚ್ಚಾ ಹೊಲಿಗೆ, ಅಂಟಿನ ಕಲೆ ಎಲ್ಲ ಎದ್ದು ಕಾಣುತ್ತೆ. ನಾಟಕದವರು ಸಿನಿಮಾಕ್ಕೆ ಹೋದಾಗ ಮಾತು ಕಡಿಮೆ ಮಾಡೋದು ಕಲಿತ ಹಾಗೆ, ಅವರ ದರ್ಜಿಗಳು ಮಿಂಚು ಕಡಿಮೆ ಮಾಡೋದು ಕಲಿಯಬೇಕಾಯಿತು.

1954ರ ‘ಬೇಡರ ಕಣ್ಣಪ್ಪ’ದಲ್ಲಿ ಮಖಮಲ್ಲಿನ ಗೊಡವೆಯೇ ಇಲ್ಲ. ಬೇಡನಿಗೆ ಬೇಕಾದದ್ದು ತೊಗಲು, ಮಣಿಸರ, ತಲೆಗೊಂದು ಕಟ್ಟು. ವೀರಣ್ಣನವರು ಮದ್ರಾಸಿನ ಎ.ವಿ.ಎಂ. ಜೊತೆ ಸೇರಿ ತೆಗೆದ ಚಿತ್ರ ಅದು. ನಿರ್ದೇಶನ ಎಚ್.ಎಲ್.ಎನ್. ಸಿಂಹ. ಕಂಪನಿಯಲ್ಲಿ ನಟರಾಗಿದ್ದ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮಗ ಮುತ್ತುರಾಜ್ ಅದರ ನಾಯಕ. ಮಖಮಲ್ಲಿನ ಕಂಪನಿಯಲ್ಲಿ ಬೆಳೆದ ಹುಡುಗ ತೊಗಲುಟ್ಟು ರಾಜ್‌ಕುಮಾರ್ ಆದ. ನರಸಿಂಹರಾಜು, ಜಿ.ವಿ. ಅಯ್ಯರ್ ಕೂಡ ಅದೇ ಕಂಪನಿಯ ಕೂಸುಗಳು. ಮನೆ ಬಿಟ್ಟು ಓಡಿಬಂದು ಕಂಪನಿ ಸೇರಿದ ಬಿ.ವಿ. ಕಾರಂತರನ್ನು ಓದೋಕೆ ಕಾಶಿಗೆ ಕಳಿಸಿದವರೂ ವೀರಣ್ಣನವರೇ. ಆ ಕಾರಂತರು ಮುಂದೆ ಕಂಬಳಿ, ಗೋಣಿತಾಟು, ಬಿದಿರುಗಳಲ್ಲೂ ನಾಟಕ ಕಟ್ಟಬಹುದು ಅನ್ನುವ ಹೊಸ ರಂಗಭೂಮಿಯ ದೊಡ್ಡ ಹೆಸರಾದರು. ಗುಬ್ಬಿ ಕಂಪನಿಯ ಪೆಟ್ಟಿಗೆಯಿಂದ ಹೊರಟ ದಾರಿ ಅಲ್ಲಿಗೂ ಹೋಯಿತು.

ಪೆಟ್ಟಿಗೆ ಎಲ್ಲಿಗೆ ಬಂತು

ಸಿನಿಮಾ ಬೆಳೆದಂತೆ ಕಂಪನಿಗಳು ಬಡವಾದವು. ವೀರಣ್ಣನವರು ತಮ್ಮ ಬದುಕಿನ ಕಥೆಯನ್ನು ‘ಕಲೆಯೇ ಕಾಯಕ’ ಅನ್ನುವ ಹೆಸರಲ್ಲಿ ಹೇಳಿಕೊಂಡರು. 1972ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಅಕ್ಟೋಬರ್ 18ರಂದು ತೀರಿಕೊಂಡರು. ಮೊಮ್ಮಗಳು ಬಿ. ಜಯಶ್ರೀಯವರು ರಂಗದ ಮೇಲೆ ಆ ಮನೆಯ ಹೆಸರು ಉಳಿಸಿದರು. ತುಮಕೂರಿನ ಕಲಾಕ್ಷೇತ್ರಕ್ಕೆ ವೀರಣ್ಣನವರ ಹೆಸರಿದೆ, ರಾಜ್ಯ ಸರ್ಕಾರ ರಂಗಭೂಮಿಗೆ ಕೊಡುವ ಪ್ರಶಸ್ತಿಗೂ ಅವರದೇ ಹೆಸರು.

ಕಂಪನಿಗಳು ಮುಚ್ಚಿದರೂ ಆ ಕತ್ತರಿಯ ಅಳತೆ ಮಾತ್ರ ಮುಚ್ಚಲಿಲ್ಲ. ಅದು ಬಾಡಿಗೆ ಡ್ರೆಸ್ಸಿನವರ ಕೈಗೆ ಬಂತು. ಮಧ್ಯಾಹ್ನ ಟೆಂಪೋದಲ್ಲಿ ಸೀನು, ಡ್ರೆಸ್ಸು ತಂದು ಇಳಿಸಿ, ರಾತ್ರಿಯಿಡೀ ಆಡಿಸಿ, ಬೆಳಗ್ಗೆ ಎಣಿಸಿ ತುಂಬಿಕೊಂಡು ಇನ್ನೊಂದು ಹಳ್ಳಿಗೆ ಹೋಗುವ ಕಸುಬು ಅದು. ಈಗ ಆ ಟ್ರಂಕುಗಳಲ್ಲಿ ಮಖಮಲ್ಲಿನ ಜಾಗಕ್ಕೆ ಪಾಲಿಯೆಸ್ಟರ್ ವೆಲ್ವೆಟ್, ಸರಿಗೆಯ ಜಾಗಕ್ಕೆ ಮೀಟರ್ ಲೆಕ್ಕದಲ್ಲಿ ಸಿಗುವ ಪ್ಲಾಸ್ಟಿಕ್ ಜರಿ ಲೇಸು, ರಟ್ಟಿನ ಕಿರೀಟದ ಜಾಗಕ್ಕೆ ಅಚ್ಚಿನ ಫೈಬರ್ ಬಂದಿದೆ. ಹಗುರ, ಅಗ್ಗ, ನೀರು ಬಿದ್ದರೂ ಹಾಳಾಗಲ್ಲ. ಬಾಡಿಗೆ ಲೆಕ್ಕದಲ್ಲಿ ಅದೇ ಸರಿ. ಕಂಕುಳಿಗೆ ಚೌಕದ ತುಂಡು ಇಟ್ಟು ಹೊಲಿಯೋಕೆ ಮಾತ್ರ ರೆಡಿಮೇಡ್ ಅಂಗಿಯಲ್ಲಿ ಯಾರಿಗೂ ಪುರಸೊತ್ತಿಲ್ಲ. ಅದಕ್ಕೇ ಹಳ್ಳಿಯ ರಂಗದ ಹಿಂದೆ ನೋಡಿದರೆ ಭೀಮನ ಪಾತ್ರದವರು ಗದೆ ಎತ್ತೋ ಮುಂಚೆ ಯಾರಾದರೂ ಒಬ್ಬರು ಸೂಜಿ ದಾರ ಹಿಡಿದುಕೊಂಡು ಪಕ್ಕದಲ್ಲೇ ಕೂತಿರ್ತಾರೆ.